ಲೀಸಾ, ಸ್ವಂತನಾ?

ನಮ್ ಭಾವ ಬೆಂಜ್ ತಗೊಳ್ಳೋ ಯೋಚ್ನೇಲಿದಾರೆ, ಲೀಸಿಗಾದ್ರೆ, ಅಂದ್ರೆ ಕೆಲವು ವರ್ಷಕ್ಕೆ ಬಾಡಿಗೆ ಥರ ತಗೊಂಡ್ರೆ, ತಿಂಗಳ ಕಂತು ಕಮ್ಮಿ ಬರುತ್ತಂತೆ, ಅದನ್ನೇ ಹಿಡ್ಕೊಂಡು ಕೂತಿದಾರೆ. ಕಮ್ಮಿ ಬರದೇ ಇನ್ನೇನು, ಲೀಸಲ್ಲಿ ಕಟ್ಟೋದು ಗಾಡಿ ಪೂರ್ತಿ ಬೆಲೆ ಅಲ್ಲ, ಮೂರ್ನಾಲ್ಕು ವರ್ಷದಲ್ಲಿ ಅದರ ಬೆಲೆ ಎಷ್ಟು ಇಳಿಯುತ್ತೋ ಅಷ್ಟು, ಜೊತೆಗೆ ಬಡ್ಡಿ, ಜಿಎಸ್‌ಟಿ, ಆಮೇಲೆ ಕೀ ಕೊಟ್ಟು ಬರಿಗೈಲಿ ಬರೋದು. ಸ್ವಂತಕ್ಕೆ ತಗೊಂಡ್ರೆ ನಮ್ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಡೀಸೆಲ್ ಕಾರಿಗೆ ಲೈಫ್ ಟ್ಯಾಕ್ಸೇ (ಒಂದೇ ಸಲ ಕಟ್ಟೋ ರೋಡ್ ಟ್ಯಾಕ್ಸ್) 18%, ಮೇಲೆ ಸೆಸ್ ಬೇರೆ, 60 ಲಕ್ಷದ ಗಾಡೀದು ಬರೀ ಟ್ಯಾಕ್ಸ್ ದುಡ್ಡಲ್ಲೇ ಒಂದು ಸ್ವಿಫ್ಟ್ ಬರುತ್ತೆ, ಅದೂ ನಿಜಾನೇ. ಆದ್ರೆ ಲೀಸ್ ಪೇಪರಲ್ಲಿ ವರ್ಷಕ್ಕಿಷ್ಟೇ ಕಿಲೋಮೀಟರ್ ಅಂತ ಸಣ್ಣಕ್ಷರದಲ್ಲಿ ಒಂದ್ ಲೈನ್ ಇರುತ್ತಲ್ಲ, ತುಮಕೂರಿಂದ ದಿನಾ ಬೆಂಗ್ಳೂರಿಗೆ ಡ್ಯೂಟಿಗೆ ಓಡಾಡೋರಿಗೆ ಹೋಗಿ ಬರೋಕೇ ಹತ್ರತ್ರ 140 ಕಿ.ಮೀ., ವರ್ಷಕ್ಕೆ 30 ಸಾವಿರ ಸಲೀಸಾಗಿ ದಾಟುತ್ತೆ, ದಾಟಿದ ಒಂದೊಂದು ಕಿಲೋಮೀಟರಿಗೂ ಎಕ್ಸ್‌ಟ್ರಾ ಕೀಳ್ತಾರೆ. ಕಂತಿಗೆ ಚೌಕಾಸಿ ಮಾಡೋದು ಬಿಟ್ಟು ಮೊದ್ಲು ಗಾಡಿ ರೇಟು, ಆಮೇಲೆ ಆ ಕಿಲೋಮೀಟರ್ ಲೆಕ್ಕ ಮಾತಾಡಿ ಭಾವ ಅಂದೆ. ಅಕ್ಕ ಅಡುಗೆ ಮನೆಯಿಂದ್ಲೇ, ಮೊದ್ಲು ಅದು ನಮ್ ಗೇಟೊಳಗೆ ಹಿಡಿಯುತ್ತಾ ನೋಡ್ಕೊಳ್ಳಿ ಅಂದ್ಲು. ಭಾವ ಈಗ ಟೇಪ್ ಹುಡುಕ್ತಾ ಇದಾರೆ 😄