ಕಾಟಾದಿಂದ ಆಫೀಸಿಗೆ: ಹಳೆ ಫೋನ್ ತಂತಿಯ ಮೇಲೆ ಈಥರ್ನೆಟ್ ಎಳೆಯುವುದು

ಮುಧೋಳ, ಜಮಖಂಡಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯ ಆವರಣವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೇಟಿನ ಕಾಟಾ ಒಂದು ತುದಿಗೆ, ಆಫೀಸು ಇನ್ನೊಂದು ತುದಿಗೆ, ನಡುವೆ 600 ಮೀಟರ್. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿದ ಕೂಡಲೇ ತೂಕ ಆಫೀಸಿನ ಕಂಪ್ಯೂಟರಿನಲ್ಲಿ ಮೂಡಬೇಕು, ಎರಡು ಮೂರು ಕ್ಯಾಮೆರಾಗಳ ಚಿತ್ರ ಅದನ್ನು ಕೂಡಿಡುವ ಎನ್‌ವಿಆರ್ ಪೆಟ್ಟಿಗೆಗೆ ಬರಬೇಕು. ಈಥರ್ನೆಟ್ ಕೇಬಲ್ ಅಷ್ಟು ದೂರ ಬರುವುದಿಲ್ಲ, ಅದರ ಮಿತಿ 100 ಮೀಟರ್. ಮಧ್ಯೆ ಐದಾರು ನೆಟ್‌ವರ್ಕ್ ಸ್ವಿಚ್ ಇಟ್ಟು ದೂರ ದಾಟಿಸುವವರಿದ್ದಾರೆ. ಪ್ರತಿ ಸ್ವಿಚ್‌ಗೂ ಕರೆಂಟು ಬೇಕು, ಡಬ್ಬಿ ಬೇಕು. ಒಂದು ಸತ್ತರೆ ಇಡೀ ಸಾಲು ಸತ್ತಂತೆ.

ಇಂಥ ಆವರಣಗಳಲ್ಲಿ ಇಂಟರ್‌ಕಾಮ್ ಕಾಲದಲ್ಲಿ ಹೂತ 5 ಅಥವಾ 10 ಜೋಡಿಯ ಜೆಲ್ಲಿ ಕೇಬಲ್ (ನೀರು ಇಳಿಯದಂತೆ ಒಳಗೆ ಜೆಲ್ಲಿ ತುಂಬಿದ ಫೋನ್ ಕೇಬಲ್) ನೆಲದೊಳಗೆ ಇನ್ನೂ ಇರುವುದುಂಟು. ಮೊಬೈಲ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಅದರ ಒಂದೇ ಒಂದು ಒಳ್ಳೆಯ ಜೋಡಿ ಸಿಕ್ಕರೆ ವಿಡಿಎಸ್ಎಲ್2 ಎಕ್ಸ್‌ಟೆಂಡರ್ (ಫೋನ್ ತಂತಿಯ ಮೇಲೆ ಈಥರ್ನೆಟ್ ದಾಟಿಸುವ ಎರಡು ಪೆಟ್ಟಿಗೆಗಳ ಜೋಡಿ) ಹಾಕಿ ಕೆಲಸ ಮುಗಿಸಬಹುದು. ಹೊಸದಾಗಿ ತೆಗ್ಗು ತೋಡಿಯೇ ತೀರಬೇಕು ಎನ್ನುವ ಪರಿಸ್ಥಿತಿ ಇದ್ದರೆ ತಾಮ್ರ ಹೂಳಬೇಡಿ. ಸಿಂಗಲ್ ಮೋಡ್ ಫೈಬರ್ ಹೂತು ಎರಡೂ ಕಡೆ ಬೆಳಕಿನ ಸಿಗ್ನಲ್ಲನ್ನು ಈಥರ್ನೆಟ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಇಡಿ. ಅದಕ್ಕೆ ಸಿಡಿಲಿನ ಹೆದರಿಕೆಯೂ ಕಡಿಮೆ. ಮುಂದೆ ಹೇಳುವುದೆಲ್ಲ ತಂತಿ ಆಗಲೇ ನೆಲದಲ್ಲಿರುವವರಿಗೆ, ಅದೂ ಸ್ವಂತ ಆವರಣದೊಳಗಿನ ಸ್ವಂತ ತಂತಿಗೆ ಮಾತ್ರ. ಟೆಲಿಫೋನ್ ಕಂಪನಿಯ ಜೋಡಿಗೆ ಕೈ ಹಚ್ಚಬಾರದು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಮನೆಯಲ್ಲಿ ಬಿದ್ದಿರುವ ಎರಡು ಹಳೆ ಡಿಎಸ್ಎಲ್ ಮೋಡೆಮ್‌ಗಳನ್ನು ತಂತಿಯ ಎರಡು ತುದಿಗೆ ಸಿಕ್ಕಿಸಿದರೆ ಲಿಂಕ್ ಬರುವುದಿಲ್ಲ. ಅವೆರಡೂ ಗ್ರಾಹಕರ ಕಡೆಯವು. ಎಕ್ಸ್‌ಚೇಂಜಿನಲ್ಲಿರುವ ಡಿಸ್ಲ್ಯಾಮ್ ಎಂಬ ಯಂತ್ರ ಕರೆಯಲಿ ಎಂದು ಎರಡೂ ಕಾಯುತ್ತ ಕೂಡುತ್ತವೆ. ಎಕ್ಸ್‌ಟೆಂಡರ್ ಜೋಡಿಯಲ್ಲಿ ಒಂದು ಪೆಟ್ಟಿಗೆ ಎಕ್ಸ್‌ಚೇಂಜಿನ ಪಾತ್ರ ವಹಿಸುತ್ತದೆ, ಅದಕ್ಕೆ ಸಿಒ ಎನ್ನುತ್ತಾರೆ. ಇನ್ನೊಂದು ಗ್ರಾಹಕನ ಪಾತ್ರ, ಅದು ಸಿಪಿಇ. ಕೆಲವು ಪೆಟ್ಟಿಗೆಗಳ ಮೇಲೆ ಮಾಸ್ಟರ್, ಸ್ಲೇವ್ ಎಂದು ಬರೆದಿರುತ್ತದೆ. ಕೊಳ್ಳುವಾಗ ಎರಡೂ ಒಂದೇ ಕಂಪನಿಯ ಒಂದೇ ಮಾದರಿಯವು ಇರಲಿ, ಪಾತ್ರ ಬದಲಿಸುವ ಡಿಪ್ ಸ್ವಿಚ್ (ಪುಟ್ಟ ಗುಂಡಿಗಳ ಸಾಲು) ಹೊರಗೇ ಇರಲಿ.

ಇನ್ನು ತಂತಿ. ನನ್ನ ಲೆಕ್ಕದಲ್ಲಿ ಈ ಕೆಲಸದ ಮುಕ್ಕಾಲು ಪಾಲು ತಂತಿಯದೇ, ಮೋಡೆಮ್‌ನದು ಕಾಲು ಪಾಲು. "ಫೋನ್ ಚೆನ್ನಾಗಿ ಮಾತಾಡುತ್ತಿತ್ತಲ್ಲ, ತಂತಿ ಸರಿ ಇದೆ" ಎನ್ನುವ ಮಾತು ನಂಬಬೇಡಿ. ಫೋನಿನ ದನಿಗೆ 3.4 ಕಿಲೋಹರ್ಟ್ಸ್ ಸಾಕು, ವಿಡಿಎಸ್ಎಲ್2ನ 17ಎ ಪ್ರೊಫೈಲ್, ಎಂದರೆ ಅದರ ಒಂದು ಬಗೆ, 17 ಮೆಗಾಹರ್ಟ್ಸ್‌ವರೆಗೆ ಬಳಸುತ್ತದೆ. ಇನ್ನೂ ಒಂದು ಸೂಕ್ಷ್ಮ ಇದೆ. ಫೋನ್ ತಂತಿಯಲ್ಲಿ 48 ವೋಲ್ಟಿನ ಡಿಸಿ ಇರುತ್ತದೆ. ಜಾಯಿಂಟಿನಲ್ಲಿ ಕಿಲುಬು ಕಟ್ಟಿದರೂ ರಿಸೀವರ್ ಎತ್ತಿದಾಗ ಹರಿಯುವ ಕರೆಂಟು ಅದನ್ನು ಒಡೆದು ದಾರಿ ಮಾಡಿಕೊಳ್ಳುತ್ತದೆ. ಎಕ್ಸ್‌ಟೆಂಡರ್ ಹಾಕಿದ ಬರಿ ಜೋಡಿಯಲ್ಲಿ ಆ ಡಿಸಿ ಇಲ್ಲ. ಆದ್ದರಿಂದ ಫೋನಿಗೆ ನಡೆದ ಜಾಯಿಂಟ್ ಇಲ್ಲಿ ತಿಂಗಳೊಪ್ಪತ್ತಿನಲ್ಲಿ ಕೈ ಕೊಡಬಹುದು.

ಕೇಬಲ್ ಬಿಚ್ಚಿದಾಗ ಬಣ್ಣದ ಕ್ರಮ ಹೀಗಿರುತ್ತದೆ: ಬಿಳಿಯ ಜೊತೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಒಟ್ಟು ಐದು ಜೋಡಿ. ಆಮೇಲೆ ಕೆಂಪಿನ ಜೊತೆ ಅದೇ ಐದು. ಬಿಳಿ-ನೀಲಿ ಒಂದು ಜೋಡಿ ಎಂದರೆ ಅವೆರಡೇ ಒಂದಕ್ಕೊಂದು ಹೆಣೆದುಕೊಂಡು ಬರುತ್ತವೆ. ಒಂದು ತಂತಿ ಕಡಿದಿದೆ ಎಂದು ಬಿಳಿ-ನೀಲಿಯ ನೀಲಿಯನ್ನೂ ಬಿಳಿ-ಕಿತ್ತಳೆಯ ಕಿತ್ತಳೆಯನ್ನೂ ಕೂಡಿಸಿ ಹೊಸ ಜೋಡಿ ಮಾಡುವವರಿದ್ದಾರೆ. ಮಲ್ಟಿಮೀಟರ್ ಅದನ್ನು ಸರಿ ಎನ್ನುತ್ತದೆ, ಫೋನೂ ನಡೆಯುತ್ತದೆ. ವಿಡಿಎಸ್ಎಲ್ ಮಾತ್ರ ಕುಂಟುತ್ತದೆ, ಏಕೆಂದರೆ ಹೆಣಿಗೆ ತಪ್ಪಿದ ಮೇಲೆ ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ಬೀಳುವುದಿಲ್ಲ.

ಅಳತೆಗೆ ಇಳಿಯುವ ಮುಂಚೆ ಪ್ರತಿ ತಂತಿಗೂ ಭೂಮಿಗೂ ನಡುವೆ ಎಸಿ ವೋಲ್ಟೇಜ್ ನೋಡಿ. ಪಕ್ಕದಲ್ಲೇ ಹೂತ ಪವರ್ ಕೇಬಲ್ಲಿನ ತೊಗಟೆ ಹೋಗಿ ಫೋನ್ ತಂತಿಗೆ ತಾಗಿರಬಹುದು. ಅಲ್ಲಿ ಕರೆಂಟು ಕಂಡರೆ ಕೆಲಸ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಜೋಡಿಯನ್ನು ಇಂಟರ್‌ಕಾಮಿನ ಎಕ್ಸ್‌ಚೇಂಜ್ ಪೆಟ್ಟಿಗೆಯಾದ ಇಪಿಎಬಿಎಕ್ಸ್‌ನಿಂದಲೂ ಬಿಡಿಸಿ.

ಈಗ ಕಾಟಾದ ಕಡೆ ಜೋಡಿಯ ಎರಡು ತಂತಿಯನ್ನೂ ಸೇರಿಸಿ ಹುರಿ ಮಾಡಿ, ಆಫೀಸಿನ ಕಡೆ ಓಮ್ಸ್ ಅಳೆಯಿರಿ. 0.5 ಮಿ.ಮೀ. ತಾಮ್ರಕ್ಕೆ ಹೋಗಿ ಬರುವ ಹಾದಿ ಸೇರಿ ಕಿಲೋಮೀಟರಿಗೆ ಸುಮಾರು 176 ಓಮ್ಸ್, 0.4 ಮಿ.ಮೀ.ಗೆ ಸುಮಾರು 274. ಎಂದರೆ 600 ಮೀಟರಿನ 0.5 ತಂತಿಗೆ 105ರ ಆಸುಪಾಸು ಬರಬೇಕು. ಬಿಸಿಲಿಗೆ ಪ್ರತಿ 10 ಡಿಗ್ರಿಗೆ ಶೇ. 4ರಷ್ಟು ಏರುತ್ತದೆ, ಹಾಗಾಗಿ 110 ಬಂದರೆ ಗಾಬರಿ ಬೇಡ. 140 ಬಂದರೆ ಎಲ್ಲೋ ಜಾಯಿಂಟ್ ಹಾಳಾಗಿದೆ, ಇಲ್ಲವೇ ಕೇಬಲ್ ನೀವು ಅಂದುಕೊಂಡ ಹಾದಿಯಲ್ಲಿ ಬಂದಿಲ್ಲ.

ಹಾಳಾದದ್ದು ಎರಡರಲ್ಲಿ ಯಾವ ತಂತಿ ಎಂದು ತಿಳಿಯಲು ಮೂರನೆಯ ಒಂದು ತಂತಿ ಸಾಕು. ದೂರದ ತುದಿಯಲ್ಲಿ ಮೂರನ್ನೂ ಒಟ್ಟಿಗೆ ಸುತ್ತಿ. ಇತ್ತ ಮೊದಲನೆಯದಕ್ಕೂ ಮೂರನೆಯದಕ್ಕೂ ಅಳೆಯಿರಿ, ಆಮೇಲೆ ಎರಡನೆಯದಕ್ಕೂ ಮೂರನೆಯದಕ್ಕೂ. ಮೂರನೆಯದು ಎರಡೂ ಅಳತೆಯಲ್ಲಿ ಇರುವುದರಿಂದ ಬರುವ ವ್ಯತ್ಯಾಸವೆಲ್ಲ ನಿಮ್ಮ ಜೋಡಿಯದು. ಅದು ಒಂದು ಓಮ್ ಒಳಗಿದ್ದರೆ ಚಿಂತೆಯಿಲ್ಲ. ಮೂರು ನಾಲ್ಕು ಓಮ್ಸ್ ಇದ್ದರೆ ಹೆಚ್ಚು ತೋರಿಸಿದ ತಂತಿಯ ಜಾಯಿಂಟ್ ಹುಡುಕಿ.

ತುದಿಯ ಹುರಿ ಬಿಡಿಸಿ ಇನ್ಸುಲೇಷನ್ ನೋಡುವುದು ಮುಂದಿನ ಹೆಜ್ಜೆ. ತಂತಿಯಿಂದ ತಂತಿಗೆ, ತಂತಿಯಿಂದ ಭೂಮಿಗೆ ಮೆಗ್ಗರ್ (ಹೆಚ್ಚು ವೋಲ್ಟೇಜಿನಲ್ಲಿ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದರೆ ಹತ್ತಾರು ಮೆಗಾಓಮ್ ಬರಬೇಕು. ಮೋಡೆಮ್, ಸರ್ಜ್ ಅರೆಸ್ಟರ್ ಎಲ್ಲ ಬಿಚ್ಚಿದ ಮೇಲೆಯೇ ಮೆಗ್ಗರ್. ಅಳತೆ ಮುಗಿದ ಮೇಲೆ ತಂತಿಗಳನ್ನು ಒಮ್ಮೆ ಒಂದಕ್ಕೊಂದು ಮುಟ್ಟಿಸಿ ಖಾಲಿ ಮಾಡಿ.

ನಮ್ಮ ಎರೆ ಭೂಮಿಯ ವಿಷಯ ಇಲ್ಲಿ ಹೇಳಲೇಬೇಕು. ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದ ಮೇಲೆ ಉಬ್ಬುತ್ತದೆ. ವರ್ಷ ವರ್ಷ ಕೇಬಲ್ಲನ್ನು ಎಳೆದು ಎಳೆದು ಬಿಡುತ್ತದೆ. ಕೇಬಲ್ ತಡೆದುಕೊಳ್ಳುತ್ತದೆ, ಜಾಯಿಂಟ್ ತಡೆಯುವುದಿಲ್ಲ. ಅಗೆದು ತೆಗೆದರೆ ಸಾಮಾನ್ಯವಾಗಿ ಕಾಣುವುದು ಇದು: ಕಪ್ಪು ಟೇಪು ಸುತ್ತಿದ ಗಂಟು, ಟೇಪಿನ ಅಂಟು ಕರಗಿ ಜಾರಿದೆ, ಒಳಗೆ ಕೈಯಿಂದ ತಿರುವಿದ ತಂತಿ, ಅದರ ಮೇಲೆ ಹಸಿರು ಪುಡಿ. ಆ ಹಸಿರು ಪುಡಿಯೇ ಲಿಂಕ್ ಕಡಿಯುವ ಕಳ್ಳ. ಹಸಿರು ಕಂಡಷ್ಟು ದೂರ ತಂತಿ ಕತ್ತರಿಸಿ ಬಿಸಾಡಿ, ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಹೋಗಿ. ಯುವೈ ಕನೆಕ್ಟರ್ ಎನ್ನುವ, ಜೆಲ್ ತುಂಬಿದ ಪುಟ್ಟ ಒತ್ತುಗುಂಡಿಯ ಒಳಗೆ ತೊಗಟೆ ಸುಲಿಯದೆ ತಂತಿಗಳನ್ನು ಪೂರ್ತಿ ತಳ ಮುಟ್ಟುವಂತೆ ತೂರಿಸಿ, ಇಕ್ಕಳದಿಂದ ಗುಂಡಿ ಸಮನಾಗಿ ಒತ್ತಿ. ಜಾಯಿಂಟಿನ ಎರಡೂ ಕಡೆ ಅರ್ಧ ಮೀಟರ್ ಕೇಬಲ್ ಸಡಿಲವಾಗಿ ಸುರುಳಿ ಬಿಡಿ, ಭೂಮಿ ಎಳೆದಾಗ ಅದು ಬಿಚ್ಚಿಕೊಳ್ಳಲಿ. ಆಗುವುದಾದರೆ ಜಾಯಿಂಟನ್ನು ನೆಲದ ಮೇಲಿನ ಡಬ್ಬಿಗೇ ತನ್ನಿ.

ಆಮೇಲೆ ಕವಲುಗಳು. ಆಫೀಸಿನಿಂದ ಕಾಟಾಕ್ಕೆ ಹೋಗುವ ಜೋಡಿಯನ್ನೇ ದಾರಿಯಲ್ಲಿ ಸ್ಟೋರ್‌ಗೂ ವಾಚ್‌ಮನ್ ಕೋಣೆಗೂ ಪ್ಯಾರಲಲ್ ಕೊಟ್ಟಿರುತ್ತಾರೆ. ಫೋನ್ ತೆಗೆದರೂ ತಂತಿಯ ತುಂಡು ನೇತಾಡುತ್ತಿರುತ್ತದೆ. ಸಿಗ್ನಲ್ ಆ ತುಂಡಿನೊಳಗೆ ಹೋಗಿ, ತುದಿಯಲ್ಲಿ ಡಿಕ್ಕಿ ಹೊಡೆದು, ತಿರುಗಿ ಬಂದು ತನ್ನನ್ನೇ ಅಳಿಸುತ್ತದೆ. 10 ಮೀಟರಿನ ಕವಲು ಸುಮಾರು 5 ಮೆಗಾಹರ್ಟ್ಸ್ ಬಳಿ ಸಿಗ್ನಲ್‌ನಲ್ಲಿ ಹೊಂಡ ತೋಡುತ್ತದೆ. ಕವಲನ್ನು ಜಾಯಿಂಟಿನ ಬುಡದಲ್ಲೇ ಕತ್ತರಿಸಿ. ಕೋಣೆಯ ಕಡೆ ಕತ್ತರಿಸಿದರೆ ಕವಲು ಕವಲಾಗಿಯೇ ಉಳಿಯುತ್ತದೆ.

ತಂತಿ ಸರಿ ಆದಮೇಲೆ ಪೆಟ್ಟಿಗೆ ಯಾವುದು ಎಲ್ಲಿ ಎಂಬ ಪ್ರಶ್ನೆ. ಹೆಚ್ಚಿನವರು ಹೆಸರು ನೋಡಿ ಸಿಒ ಆಫೀಸಿಗೆ, ಸಿಪಿಇ ಕಾಟಾಕ್ಕೆ ಇಡುತ್ತಾರೆ. ಕ್ಯಾಮೆರಾ ಇದ್ದರೆ ಇದು ತಿರುಗಾಮುರುಗಾ ಆಗಬೇಕು. ವಿಡಿಎಸ್ಎಲ್2ನಲ್ಲಿ ಆವರ್ತನಗಳ ಅಸಮ ಹಂಚಿಕೆ ಇದ್ದರೆ ಸಿಒನಿಂದ ಸಿಪಿಇಗೆ ಹೋಗುವ ದಿಕ್ಕಿಗೆ ಅಗಲ ಹಾದಿ. 998 ಎನ್ನುವ ಹಂಚಿಕೆಯನ್ನೇ ನೋಡಿ: ಆ ದಿಕ್ಕಿಗೆ 0.138ರಿಂದ 3.75 ಮೆಗಾಹರ್ಟ್ಸ್, ಮತ್ತೆ 5.2ರಿಂದ 8.5. ಎದುರು ದಿಕ್ಕಿಗೆ ಮುಖ್ಯವಾಗಿ 3.75ರಿಂದ 5.2, ಆಮೇಲೆ 8.5ರಿಂದ 12. ಆವರ್ತನ ಏರಿದಷ್ಟೂ ತಂತಿಯಲ್ಲಿ ಸಿಗ್ನಲ್ ಬೇಗ ಸೊರಗುತ್ತದೆ. ಹಾಗಾಗಿ ದೂರ ಹೆಚ್ಚಿದಂತೆ ಮೊದಲು ಸಾಯುವುದು ಸಿಪಿಇನಿಂದ ಬರುವ ದಿಕ್ಕು. ಕ್ಯಾಮೆರಾದ ಭಾರ ಹರಿಯುವುದು ಕಾಟಾದಿಂದ ಆಫೀಸಿಗೆ. ಆದ್ದರಿಂದ ಸಿಒ ಕಾಟಾದಲ್ಲಿರಲಿ, ಸಿಪಿಇ ಆಫೀಸಿನಲ್ಲಿರಲಿ. ಇಂಟರ್ನೆಟ್ ಹಂಚುವುದಷ್ಟೇ ಕೆಲಸವಾಗಿದ್ದರೆ, ಉದಾಹರಣೆಗೆ ತಿಕೋಟಾ ಕಡೆ ಮನೆಯಿಂದ ಒಣದ್ರಾಕ್ಷಿ ಶೆಡ್ಡಿಗೆ, ಆಗ ಸಿಒ ಮನೆಯ ಕಡೆಗೇ ಸರಿ.

ವೇಗದ ಆಸೆ ಅಳತೆಯಲ್ಲಿರಲಿ. ಒಳ್ಳೆಯ 0.5 ಮಿ.ಮೀ. ಜೋಡಿಯಲ್ಲಿ 300 ಮೀಟರಿಗೆ ಅಗಲ ದಿಕ್ಕಿನಲ್ಲಿ 100 ಮೆಗಾಬಿಟ್ ಹತ್ತಿರ ನಿರೀಕ್ಷಿಸಬಹುದು, ಒಂದು ಕಿಲೋಮೀಟರಿಗೆ ಅದರ ಮೂರನೇ ಒಂದು ಪಾಲು. ಒಂದು ಕ್ಯಾಮೆರಾಗೆ 4 ಮೆಗಾಬಿಟ್ ಎಂದು ಲೆಕ್ಕ ಹಿಡಿದರೆ ಮೂರು ಕ್ಯಾಮೆರಾ, ತೂಕದ ಡೇಟಾ ಎಲ್ಲ ಸೇರಿ 15ರೊಳಗೆ ಮುಗಿಯುತ್ತದೆ. 30ಎ ಪ್ರೊಫೈಲ್ ಎಂದು ಹೆಚ್ಚು ಹಣ ಕೊಟ್ಟು ತರುವುದು ಮುನ್ನೂರು ಮೀಟರಿನ ಆಚೆಗೆ ವ್ಯರ್ಥ.

ಡಿಪ್ ಸ್ವಿಚ್ಚಿನಲ್ಲಿ ಪಾತ್ರದ ಜೊತೆಗೆ ಇನ್ನೂ ಮೂರು ಆಯ್ಕೆ ಸಾಮಾನ್ಯ: ಫಾಸ್ಟ್ ಅಥವಾ ಇಂಟರ್‌ಲೀವ್ (ಡೇಟಾವನ್ನು ಹರಡಿ ಕಳಿಸುವುದು), ಸಮ ಅಥವಾ ಅಸಮ, ಎಸ್ಎನ್ಆರ್ (ಗದ್ದಲ ಏರಿದರೂ ತಾಳಲು ಇಡುವ ಅಂತರ) 6 ಅಥವಾ 9 ಡಿಬಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಂಥ ಜಾಗ, ಇಂಡಕ್ಷನ್ ಫರ್ನೇಸ್, ಮೋಟರ್ ವೇಗ ಬದಲಿಸುವ ವಿಎಫ್‌ಡಿ, ದೊಡ್ಡ ಮೋಟರ್ ಸ್ಟಾರ್ಟರ್ ಇರುವಲ್ಲಿ ಇಂಟರ್‌ಲೀವ್ ಇಡಿ. ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ, ಆದರೆ ಸ್ಟಾರ್ಟರ್ ಬಡಿದಾಗಲೆಲ್ಲ ಡೇಟಾ ಒಡೆಯುವುದಿಲ್ಲ. ಎಸ್ಎನ್ಆರ್ 9 ಇರಲಿ. 6ರಲ್ಲಿ ವೇಗ ಸ್ವಲ್ಪ ಹೆಚ್ಚು ಸಿಗುತ್ತದೆ, ಮಳೆಗಾಲದಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಸ್ವಿಚ್ ಬದಲಿಸಿದ ಮೇಲೆ ಕರೆಂಟು ತೆಗೆದು ಮತ್ತೆ ಕೊಡಿ, ಪೆಟ್ಟಿಗೆ ಸ್ವಿಚ್ಚನ್ನು ಓದುವುದು ಏಳುವಾಗ ಮಾತ್ರ.

ಜೋಡಿಸುವುದು ಸುಲಭ. ಆರ್‌ಜೆ-11 ಪ್ಲಗ್ಗಿನ ನಡುವಿನ ಎರಡು ಪಿನ್, ತಂತಿ ಹಿಂದುಮುಂದಾದರೂ ನಡೆಯುತ್ತದೆ. ಕೇಬಲ್ ಮುಗಿಯುವ ಡಬ್ಬಿಯಿಂದ ಪೆಟ್ಟಿಗೆಗೆ ಬರುವ ಚಪ್ಪಟೆ ಫೋನ್ ವೈರಿಗೆ ಹೆಣಿಗೆ ಇರುವುದಿಲ್ಲ, ಅದು ಒಂದು ಮೀಟರ್ ದಾಟಬಾರದು. ಹೆಚ್ಚು ಬೇಕಿದ್ದರೆ ಕ್ಯಾಟ್-5ಇ ಕೇಬಲ್ಲಿನ ಒಂದು ಜೋಡಿ ಬಳಸಿ. ಎಕ್ಸ್‌ಟೆಂಡರ್ ಬರಿ ಸೇತುವೆ, ಅದಕ್ಕೆ ರೌಟರ್ ಬುದ್ಧಿ ಬೇಡ. ಆಫೀಸಿನ ರೌಟರ್ ಕೊಡುವ ಐಪಿಯೇ ಕಾಟಾದ ಕ್ಯಾಮೆರಾಗೂ ಸಿಗುತ್ತದೆ. ಪೆಟ್ಟಿಗೆಗೆ ವೆಬ್ ಪುಟ ಇದ್ದರೆ ಎರಡಕ್ಕೂ ಬೇರೆ ಬೇರೆ ಐಪಿ ಕೊಡಿ, ಬಹಳ ಸಲ ಎರಡೂ ಒಂದೇ ಐಪಿ ಹೊತ್ತು ಬರುತ್ತವೆ. ಅದೇ ಎರಡು ಜಾಗದ ನಡುವೆ ಹಳೆಯ ವೈಫೈ ಬ್ರಿಜ್ ಕೂಡ ನಡೆಯುತ್ತಿದ್ದರೆ ಅದನ್ನು ತೆಗೆಯಿರಿ. ಎರಡು ಹಾದಿ ಸೇರಿ ಲೂಪ್ ಆದರೆ ಆಫೀಸಿನ ನೆಟ್‌ವರ್ಕ್ ಪೂರ್ತಿ ಮಲಗುತ್ತದೆ. ಪಿಒಇ ಸ್ವಿಚ್ಚಿನ (ಈಥರ್ನೆಟ್ ತಂತಿಯಲ್ಲೇ ಕರೆಂಟು ಕಳಿಸುವ ಸ್ವಿಚ್ಚಿನ) ಪ್ಯಾಸಿವ್ ಪೋರ್ಟ್ ಅನ್ನು ಎಕ್ಸ್‌ಟೆಂಡರಿಗೆ ಸಿಕ್ಕಿಸಬೇಡಿ, ಸುಟ್ಟು ಹೋಗಬಹುದು.

ಸಿಡಿಲಿಗೆ ಎರಡೂ ತುದಿಯಲ್ಲಿ ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್ ಬೇಕು, ಅದೂ ವಿಡಿಎಸ್ಎಲ್‌ಗೆಂದೇ ಮಾಡಿದ್ದು. ಫೋನಿಗೆ ಬರುವ ಅಗ್ಗದ ಅರೆಸ್ಟರಿನಲ್ಲಿರುವ ಎಂಒವಿ ಎಂಬ ಭಾಗಕ್ಕೆ ಕೆಪ್ಯಾಸಿಟೆನ್ಸ್ ಹೆಚ್ಚು, ಮೇಲಿನ ಆವರ್ತನಗಳನ್ನು ನುಂಗಿಬಿಡುತ್ತದೆ. ಅರೆಸ್ಟರಿನ ಅರ್ಥ್ ತಂತಿ ಗಿಡ್ಡ ಇರಲಿ, ಸುರುಳಿ ಸುತ್ತದೆ ನೇರ ಹೋಗಲಿ, ಕಟ್ಟಡದ ಅರ್ಥಿಂಗಿಗೇ ಸೇರಲಿ. ಬೇರೆಯದೇ ಗೂಟ ಹೊಡೆದರೆ ಎರಡು ಅರ್ಥ್ ನಡುವಿನ ವೋಲ್ಟೇಜು ಮೋಡೆಮ್ ಮೂಲಕವೇ ಹಾಯುತ್ತದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಸಿಡಿಲಿಲ್ಲದೆ ಬರುವುದಿಲ್ಲ, ಅದಕ್ಕೂ ಮುಂಚೆ ಇದು ಮುಗಿದಿರಲಿ. ಕಾಟಾದ ತಗಡಿನ ಕೋಣೆಯಲ್ಲಿ ಪೆಟ್ಟಿಗೆಯನ್ನು ಛಾವಣಿಯ ಕೆಳಗೇ ತೂಗಬೇಡಿ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಅಲ್ಲಿ 50 ಡಿಗ್ರಿ ದಾಟುತ್ತದೆ, ಹೆಚ್ಚಿನ ಪೆಟ್ಟಿಗೆಗಳ ಮಿತಿಯೇ ಅಷ್ಟು. 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಒಂದಿದ್ದರೆ ಕರೆಂಟು ಮಿನುಗಿದಾಗಲೆಲ್ಲ ಲಿಂಕ್ ಮೊದಲಿನಿಂದ ಏಳುವುದು ತಪ್ಪುತ್ತದೆ. ಹೀಗೆ ಏಳಲು ಪ್ರತಿ ಸಲ ಒಂದು ನಿಮಿಷದ ಮೇಲೂ ಹಿಡಿಯಬಹುದು.

ಲಿಂಕ್ ದೀಪ ಸ್ಥಿರವಾದ ಮೇಲೆ 1472 ಬೈಟಿನ ಪಿಂಗ್ ಸಾವಿರ ಸಲ ಬಿಡಿ, ಒಂದೂ ಕಳೆಯಬಾರದು. ವೇಗ ಅಳೆಯುವ ಐಪರ್ಫ್ ಪ್ರೋಗ್ರಾಮನ್ನು ಎರಡೂ ದಿಕ್ಕಿಗೆ ಓಡಿಸಿ. ಪರೀಕ್ಷೆ ನಡೆದಿರುವಾಗಲೇ ಹತ್ತಿರದ ಪಂಪು, ಕನ್ವೇಯರ್ ಚಾಲೂ ಮಾಡಿಸಿ. ದೀಪ ನಿಧಾನ ಮಿನುಗುತ್ತಲೇ ಇದ್ದರೆ ಎದುರಿನ ಪೆಟ್ಟಿಗೆ ಕೇಳಿಸುತ್ತಿಲ್ಲ: ಜೋಡಿ ತಪ್ಪಿದೆ, ಕಡಿದಿದೆ, ಅಥವಾ ಎರಡೂ ಒಂದೇ ಪಾತ್ರದಲ್ಲಿವೆ. ಬೇಗ ಮಿನುಗಿ ಮತ್ತೆ ನಿಧಾನಕ್ಕೆ ಬಿದ್ದರೆ ಒಂದಕ್ಕೊಂದು ಕೇಳಿಸುತ್ತಿದೆ, ಆದರೆ ತಂತಿ ತಾಳುತ್ತಿಲ್ಲ. ಆಗ ಕವಲು, ಹೆಣಿಗೆ ತಪ್ಪಿದ ಜೋಡಿ ನೋಡಿ. ಲಿಂಕ್ ಮಳೆಯ ಮರುದಿನ ಮಾತ್ರ ಬಿದ್ದರೆ ಜಾಯಿಂಟಿನಲ್ಲಿ ನೀರು. ಮಧ್ಯಾಹ್ನ ಮಾತ್ರ ಬಿದ್ದರೆ ಪೆಟ್ಟಿಗೆ ಬಿಸಿಯಾಗುತ್ತಿದೆ, ಅಥವಾ ಅಡಾಪ್ಟರ್ ಸೋಲುತ್ತಿದೆ. ಅಡಾಪ್ಟರನ್ನು ಮೊದಲು ಬದಲಿಸಿ ನೋಡಿ.

ಎಲ್ಲ ಮುಗಿದ ಮೇಲೆ ಡಬ್ಬಿಯ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ: ಜೋಡಿಯ ಬಣ್ಣ, ಲೂಪ್ ಓಮ್ಸ್, ಇನ್ಸುಲೇಷನ್, ಎರಡೂ ದಿಕ್ಕಿನ ವೇಗ, ದಿನಾಂಕ. ಜಾಯಿಂಟ್ ಎಲ್ಲಿದೆ ಎಂಬುದನ್ನೂ ಗೇಟಿನಿಂದ ಇಷ್ಟು ಮೀಟರ್ ಎಂದು ಬರೆಯಿರಿ. ಮೊದಲ ದೊಡ್ಡ ಮಳೆ ಆದಮೇಲೆ ಅದೇ ಅಳತೆಗಳನ್ನು ಮತ್ತೆ ತೆಗೆದು ಪಕ್ಕಕ್ಕೆ ಬರೆಯಿರಿ.