ಪ್ಯಾರಿಸ್ ದೀಪಗಳೂ ಡ್ರೈವರ್ ಕಾರ್ಡೂ

ಮೇ ಕೊನೆಯ ವಾರ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ 9:40. ಸರಿಯಾಗಿ ಕತ್ತಲಾಗಲು ಹತ್ತೂವರೆ ದಾಟಬೇಕು. ನಮ್ಮ ಟೂರ್ ಕಂಪನಿಯ ಯುರೋಪ್ ಐಟಿನರಿಯಲ್ಲಿ, ಅಂದರೆ ಪ್ರವಾಸದ ದಿನವಾರು ಪಟ್ಟಿಯಲ್ಲಿ, ಮಾತ್ರ ಯಾವ ತಿಂಗಳಾದರೂ ಅದೇ ಸಾಲು: "ಡಿನ್ನರ್ ಬಳಿಕ ಪ್ಯಾರಿಸ್ ಇಲ್ಯುಮಿನೇಷನ್ ಟೂರ್." ಅಂದರೆ ದೀಪ ಹಚ್ಚಿದ ಊರನ್ನು ರಾತ್ರಿ ಕೋಚ್‌ನಲ್ಲಿ (ಟೂರಿಸ್ಟ್ ಬಸ್ಸಿನಲ್ಲಿ) ಸುತ್ತಿ ನೋಡುವುದು. ಸಿಂಗಾಪುರಕ್ಕೆ ಮಾಡಿದ ಟೆಂಪ್ಲೇಟನ್ನೇ ಎತ್ತಿ ಯುರೋಪಿಗೂ ಹಾಕಿದ್ದರಿಂದ ಆದದ್ದು ಇದು. ಸಿಂಗಾಪುರದಲ್ಲಿ ವರ್ಷವಿಡೀ ಏಳು ಗಂಟೆಯ ಆಸುಪಾಸಿಗೆ ಕತ್ತಲಾಗುತ್ತದೆ, ಊಟ ಮುಗಿಸಿ ಹೊರಗೆ ಬಂದರೆ ದೀಪ ರೆಡಿ. ಪ್ಯಾರಿಸ್‌ನಲ್ಲೂ ಡಿಸೆಂಬರ್ ಆದರೆ ಐದಕ್ಕೇ ಸೂರ್ಯ ಮುಳುಗುತ್ತಾನೆ, ಆಗ ಈ ಸಾಲು ಸರಿಹೋಗುತ್ತದೆ. ಆದರೆ ನಮ್ಮ ಜನ ಹೊರಡುವುದೇ ಮಕ್ಕಳ ಬೇಸಿಗೆ ರಜೆಯಲ್ಲಿ.

2023ರ ಮೇ ಬ್ಯಾಚ್. ಗುಂಪನ್ನು ಕರೆದುಕೊಂಡು ಹೋದದ್ದು ನಾನು. 38 ಪ್ಯಾಕ್ಸ್ (ಪ್ರಯಾಣಿಕರು), ಅರ್ಧಕ್ಕರ್ಧ ಸೀನಿಯರ್ಸ್. ಪ್ಯಾರಿಸ್‌ನಲ್ಲಿ ಮೂರು ರಾತ್ರಿ, ಹೋಟೆಲ್ ಡಿಸ್ನಿಲ್ಯಾಂಡ್ ಹತ್ತಿರದ ಮಾರ್ನ್-ಲಾ-ವಾಲೆಯಲ್ಲಿ. ಐಫೆಲ್ ಟವರಿನಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಊರೊಳಗಿನ ಹೋಟೆಲ್ ದುಬಾರಿ ಅಂತ ಹೋಟೆಲ್ ಗೊತ್ತು ಮಾಡುವ ನಮ್ಮ ಕಾಂಟ್ರಾಕ್ಟಿಂಗ್‌ನವರು ಯಾವಾಗಲೂ ಅಲ್ಲೇ ರೂಮ್ ಹಿಡಿಯುತ್ತಾರೆ. ರೂಮಿನಲ್ಲಿ ಉಳಿಸಿದ ದುಡ್ಡಿಗೆ ಗುಂಪು ದಿನಕ್ಕೆ ಎರಡು ಗಂಟೆ ಕೋಚ್‌ನಲ್ಲಿ ಕೂರಬೇಕು ಎಂಬ ಲೆಕ್ಕ ಕಾಸ್ಟಿಂಗ್ ಶೀಟಿನಲ್ಲಿ ಎಲ್ಲೂ ಬರುವುದಿಲ್ಲ.

ಸಿಟಿ ಟೂರ್ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಲೂವ್ರ್, ಮಧ್ಯಾಹ್ನದ ಊಟ, ಐಫೆಲ್ ಟವರಿನ ಎರಡನೇ ಲೆವೆಲ್, ಶಾಪಿಂಗ್, ಆರೂವರೆಗೆ ಇಂಡಿಯನ್ ರೆಸ್ಟೋರೆಂಟಿನಲ್ಲಿ ಡಿನ್ನರ್, ಏಳೂವರೆಗೆ ಸೇನ್ ನದಿಯಲ್ಲಿ ಒಂದು ಗಂಟೆಯ ಕ್ರೂಸ್, ಆಮೇಲೆ ಇಲ್ಯುಮಿನೇಷನ್. ನಾನು ಡ್ರೈವಿಂಗ್ ಅವರ್ಸ್ ಕೂಡಿಸಿ ನೋಡಿದ್ದೆ. ಇಡೀ ದಿನ ಚಾಲಕ ಗಾಡಿ ಓಡಿಸುವುದು ನಾಲ್ಕು ಗಂಟೆಗಿಂತ ಹೆಚ್ಚಾಗುತ್ತಿರಲಿಲ್ಲ, ನಿಯಮದಲ್ಲಿ ಒಂಬತ್ತು ಗಂಟೆಗೆ ಅವಕಾಶವಿದೆ. ಧಾರಾಳವಾಗಿದೆ ಎಂದುಕೊಂಡೆ.

ಆ ಲೆಕ್ಕ ತಪ್ಪಿದ್ದು ಇಲ್ಲಿ. ಯುರೋಪಿನ ನಿಯಮ ಚಕ್ರ ಉರುಳಿದ ಗಂಟೆಗಳನ್ನಷ್ಟೇ ಎಣಿಸುವುದಿಲ್ಲ. ಚಾಲಕ ಬೆಳಿಗ್ಗೆ ಕೆಲಸ ಶುರು ಮಾಡಿದ ಹೊತ್ತಿನಿಂದ 24 ಗಂಟೆಯೊಳಗೆ ಅವನಿಗೆ ರಾತ್ರಿಯ ವಿಶ್ರಾಂತಿ ಸಿಗಲೇಬೇಕು. ಮಾಮೂಲಿಗೆ 11 ಗಂಟೆ. ಅವನ ಒಂದು ಸಾಪ್ತಾಹಿಕ ರಜೆಗೂ ಮುಂದಿನ ಸಾಪ್ತಾಹಿಕ ರಜೆಗೂ ನಡುವೆ ಮೂರು ಸಲ ಮಾತ್ರ 9 ಗಂಟೆಗೆ ಇಳಿಸಬಹುದು. ಅಂದರೆ ಎಷ್ಟೇ ಎಳೆದರೂ ಅವನ ದಿನ ಶುರುವಾದ 15 ಗಂಟೆಯೊಳಗೆ ಮುಗಿಯಿತು. ನಾವು ಮ್ಯೂಸಿಯಮ್ಮಿನಲ್ಲಿದ್ದಾಗ ಅವನು ಸೀಟಿನಲ್ಲಿ ಒರಗಿ ಮಲಗಿದ್ದರೂ ರಾತ್ರಿಯ ಆ 9 ಗಂಟೆಗಳ ವಿಶ್ರಾಂತಿ ಬಿಡುವಂತಿಲ್ಲ. ಎಲ್ಲವೂ ಟ್ಯಾಕೋಗ್ರಾಫ್‌ನಲ್ಲಿ (ಚಾಲಕನ ಕೆಲಸ, ವಿಶ್ರಾಂತಿಯ ಹೊತ್ತನ್ನು ಬರೆದಿಡುವ ಗಾಡಿಯೊಳಗಿನ ಯಂತ್ರ), ಅವನ ಹೆಸರಿನ ಕಾರ್ಡ್ ಮೇಲೆ ದಾಖಲಾಗುತ್ತಾ ಇರುತ್ತದೆ.

ನನ್ನ ಲೆಕ್ಕದ ದಿನ ಶುರುವಾಗಿದ್ದು ಗುಂಪು ಕೋಚ್ ಹತ್ತಿದ ಎಂಟು ಗಂಟೆಗೆ. ಅವನ ಕಾರ್ಡ್ ಒಳಗೆ ಹೋಗಿದ್ದು 6:40ಕ್ಕೆ. ನಮ್ಮ ಹೋಟೆಲಿನಲ್ಲಿ ಕೋಚ್ ಪಾರ್ಕಿಂಗ್ ಇರಲಿಲ್ಲ, ಗಾಡಿ ರಾತ್ರಿ ನಿಂತಿದ್ದು ಇಪ್ಪತ್ತು ನಿಮಿಷ ದೂರದಲ್ಲಿ. ಬೆಳಿಗ್ಗೆ ಡೀಸೆಲ್ ಹಾಕಿಸಿ, ಗಾಡಿ ಪರೀಕ್ಷೆ ಮಾಡಿ ನಮ್ಮ ಹತ್ತಿರ ಬರುವ ಹೊತ್ತಿಗೆ ಅವನ ಲೆಕ್ಕದಲ್ಲಿ ಒಂದು ಗಂಟೆ 20 ನಿಮಿಷ ಕಳೆದಿತ್ತು.

ಇದು ಗೊತ್ತಾದದ್ದು ದೋಣಿ ಹತ್ತುವ ಜಾಗದಲ್ಲಿ, ಏಳೂ ಕಾಲಿಗೆ. ವೋಚರ್ ಕೈಯಲ್ಲಿ ಹಿಡಿದು ಹೆಡ್‌ಕೌಂಟ್ ಮಾಡುತ್ತಿದ್ದೆ. ಅವನು ಪಕ್ಕಕ್ಕೆ ಬಂದು ಗಡಿಯಾರ ತೋರಿಸಿದ. "ನೈನ್ ಫಾರ್ಟಿ, ಫಿನಿಶ್." ಒಂಬತ್ತೂ ನಲವತ್ತಕ್ಕೆ ಹೋಟೆಲಿಗೆ ಬಿಡುತ್ತೀಯಾ ಎಂದೆ. ತಲೆ ಅಲ್ಲಾಡಿಸಿದ. ಆ ಹೊತ್ತಿಗೆ ಗಾಡಿ ಅದರ ಪಾರ್ಕಿಂಗ್‌ನಲ್ಲಿ ನಿಂತಿರಬೇಕು.

ಹಿಂದಿನಿಂದ ಲೆಕ್ಕ ಹಾಕಿದೆ. ಹೋಟೆಲಿನಿಂದ ಪಾರ್ಕಿಂಗ್‌ಗೆ 20 ನಿಮಿಷ, ನದಿ ದಂಡೆಯಿಂದ ಹೋಟೆಲಿಗೆ 50. ಹಾಗಾದರೆ ನಾವು ಎಂಟೂವರೆಗೆ ಹೊರಟಿರಬೇಕು. ದೋಣಿ ದಡಕ್ಕೆ ಬರುವುದೇ ಎಂಟೂವರೆಗೆ. ದೋಣಿ ಇಳಿದು, ಟಾಯ್ಲೆಟ್ ಮುಗಿಸಿ, 38 ಜನ ಕೋಚ್ ಹತ್ತಲು ನಮ್ಮ ಗುಂಪಿಗೆ ಇಪ್ಪತ್ತು ನಿಮಿಷ ಬೇಕು. ದೀಪ ನೋಡುವ ಮಾತು ಹಾಗಿರಲಿ, ಹೋಟೆಲ್ ಮುಟ್ಟುವುದೇ ಕಷ್ಟವಾಗಿತ್ತು.

ದೋಣಿಯಲ್ಲಿ ಎಲ್ಲರೂ ನೋತ್ರ್ ದಾಮ್ ಕಡೆ ಫೋನ್ ಎತ್ತಿ ಫೋಟೋ ತೆಗೆಯುತ್ತಿದ್ದರು. ನಾನು ಹಿಂಬದಿಯಲ್ಲಿ ನಿಂತು ಆಪ್ಸ್‌ಗೆ, ಅಂದರೆ ನಮ್ಮ ಆಫೀಸಿನ ಆಪರೇಷನ್ಸ್ ವಿಭಾಗಕ್ಕೆ, ಫೋನ್ ಹಚ್ಚಿದೆ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದೂವರೆ. "ಅರ್ಧ ಗಂಟೆ ತಾನೇ, ಒಂದು ಐವತ್ತು ಯುರೋ ಟಿಪ್ಸ್ ಕೊಟ್ಟು ಮ್ಯಾನೇಜ್ ಮಾಡಿ" ಎಂಬ ಉತ್ತರ ಬಂತು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ದಾರಿಯಲ್ಲಿ ತಪಾಸಣೆಯವರು ಹಿಡಿದರೆ ದಂಡ ಬೀಳುವುದು ಅವನಿಗೆ, ಅವನ ಕಂಪನಿಗೆ. ಬೆಳಿಗ್ಗೆ ಐದೂವರೆಗೆ ಎದ್ದ ಮನುಷ್ಯನ ಕೈಯಲ್ಲಿ ನಡುರಾತ್ರಿ ಹೈವೇಯಲ್ಲಿ 38 ಜನರನ್ನು ಕೂರಿಸುವುದು ಟಿಪ್ಸ್‌ನಿಂದ ಬಗೆಹರಿಯುವ ವಿಷಯವಲ್ಲ. ನಿಯಮ ಇರುವುದೇ ಅದಕ್ಕೆ.

ಮುಂದಿನ ಫೋನ್ ಹೋಟೆಲ್ ರಿಸೆಪ್ಷನ್‌ಗೆ. ಸಾಮಾನಿನ ಗಾಡಿಗಳು ಬರುವ ಹಿಂದಿನ ಅಂಗಳದಲ್ಲಿ ಒಂದು ರಾತ್ರಿ ಕೋಚ್ ನಿಲ್ಲಿಸಲು ಬಿಡಿ, ಚಾಲಕನಿಗೆ ಒಂದು ರೂಮ್ ಕೊಡಿ ಎಂದು ಕೇಳಿದೆ. ಮ್ಯಾನೇಜರನ್ನು ಕೇಳಿ ಹೇಳುತ್ತೇವೆ ಎಂದರು. ಆ ಹನ್ನೆರಡು ನಿಮಿಷ ದೋಣಿ ಯಾವ ಸೇತುವೆಯ ಕೆಳಗೆ ಹೋಯಿತೋ ನನಗೆ ನೆನಪಿಲ್ಲ. ವಾಪಸ್ ಫೋನ್ ಬಂತು, ಸರಿ ಎಂದರು. ಇಪ್ಪತ್ತು ನಿಮಿಷ ಸಿಕ್ಕಿತು.

ಮೈಕ್ ಇರಲಿಲ್ಲ. ಸೀಟಿನಿಂದ ಸೀಟಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: ಇವತ್ತು ಇಲ್ಯುಮಿನೇಷನ್ ಇಲ್ಲ, ಇಳಿದ ತಕ್ಷಣ ಕೋಚ್, ಟಾಯ್ಲೆಟ್ ಬೇಕಾದವರು ದೋಣಿಯಲ್ಲೇ ಮುಗಿಸಿಕೊಳ್ಳಿ. ಹಾಸನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು. "ನೋಡಿ, ಬ್ರೋಷರ್‌ನಲ್ಲಿ ದೀಪ ಹಚ್ಚಿದ ಟವರಿನ ಚಿತ್ರ ಹಾಕಿದ್ದೀರಿ. ಅದನ್ನ ನೋಡೋಕೆ ನಾನು ಪಿಎಫ್ ದುಡ್ಡು ತೆಗೆದು ಬಂದಿರೋದು. ಹಗಲು ಬೆಳಕಲ್ಲಿ ಕಬ್ಬಿಣ ತೋರಿಸಿ ಕರಕೊಂಡು ಹೋದ್ರೆ ಹೇಗೆ?" ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. "ಸಾರ್, ನಾಳೆ ತೋರಿಸ್ತೀನಿ" ಎಂದೆ. ಹೇಗೆ ಎಂದು ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ.

ಎಂಟೂವರೆಗೆ ಇಳಿದೆವು. ಒಬ್ಬರು ಅಜ್ಜಿ ಮೆಟ್ಟಿಲು ಹತ್ತಲು ತಡವಾಯಿತು, ಮೇಷ್ಟ್ರೇ ಅವರ ಕೈ ಹಿಡಿದು ಕರೆತಂದರು. ಎರಡು ಸಲ ಎಣಿಸಿದರೂ 36. ಹನಿಮೂನ್ ಜೋಡಿ ಸೇತುವೆ ಮೇಲೆ ಸೆಲ್ಫಿ ತೆಗೆಯುತ್ತಿತ್ತು. ಫೋನ್ ಎತ್ತಲಿಲ್ಲ. ಗುಂಪಿನ ಇಬ್ಬರು ಹುಡುಗರು ಓಡಿ ಹೋಗಿ ಕರೆತಂದರು. 8:46ಕ್ಕೆ ಬಾಗಿಲು ಮುಚ್ಚಿತು. ಹೋಟೆಲಿನ ಅಂಗಳದಲ್ಲಿ ಗಾಡಿ ನಿಂತಾಗ 9:36. ಆಕಾಶದಲ್ಲಿ ಇನ್ನೂ ಬೆಳಕಿತ್ತು.

ಅದೇ ರಾತ್ರಿ ಚಾಲಕನ ಜೊತೆ ಕಾಫಿ ಮಷೀನ್ ಹತ್ತಿರ ನಿಂತು ಮರುದಿನದ ಹಾಳೆ ಹೊಸದಾಗಿ ಬರೆದೆ. ಆಫೀಸಿನಲ್ಲಿ ಯಾರೂ ಮಾಡದ ಕೆಲಸ ಇದು: ಗಾಡಿ ಓಡಿಸುವವನನ್ನು ಕೇಳಿ ಪ್ಲ್ಯಾನ್ ಮಾಡುವುದು. ಮರುದಿನ ಹೇಗೂ ಡಿಸ್ನಿಲ್ಯಾಂಡ್. ಬೆಳಿಗ್ಗೆ ಹೋಟೆಲ್ ಶಟಲ್‌ನಲ್ಲಿ ಎರಡು ಮೂರು ಟ್ರಿಪ್ ಮಾಡಿ ಗುಂಪನ್ನು ಕಳಿಸುವುದು, ಅವನು ಮಧ್ಯಾಹ್ನ ಮೂರರ ತನಕ ಕಾರ್ಡ್ ಮುಟ್ಟದಿರುವುದು. ಸಂಜೆ ಏಳೂವರೆಗೆ ಪಾರ್ಕ್ ಗೇಟಿನಿಂದ ಪಿಕಪ್, ಡಿನ್ನರ್‌ಗೆ ರೆಸ್ಟೋರೆಂಟಿನಿಂದ ಪಲಾವ್, ಮೊಸರನ್ನ ಪ್ಯಾಕ್.

ಹಾಗೇ ಆಯಿತು. ಆರ್ಕ್ ದ ತ್ರಿಯೋಂಫ್, ಶಾಂಜೆಲಿಜೆ, ಕೊಂಕೋರ್ಡ್ ಚೌಕ ನೋಡಿಕೊಂಡು ಹನ್ನೊಂದಕ್ಕೆ ಮುಂಚೆ ಐಫೆಲ್ ಟವರಿನ ಎದುರಿನ ತ್ರೊಕಾಡೆರೋಗೆ ಬಂದೆವು. ಕತ್ತಲಾದ ಮೇಲೆ ಪ್ರತಿ ಗಂಟೆಯ ಶುರುವಿಗೆ ಐದು ನಿಮಿಷ ಟವರಿನ 20,000 ಬಲ್ಬುಗಳು ಮಿನುಗುತ್ತವೆ. ಮೇಷ್ಟ್ರು ಫೋಟೋ ತೆಗೆಯಲಿಲ್ಲ, ಐದೂ ನಿಮಿಷ ಕೈ ಕಟ್ಟಿ ನಿಂತು ನೋಡಿದರು. ಆಮೇಲೆ ಹತ್ತಿರ ಬಂದು, "ಕೊಟ್ಟ ಮಾತು ಉಳಿಸಿಕೊಂಡ್ರಿ" ಎಂದರು.

ಇದರ ಬೆಲೆ ಮೂರನೇ ದಿನ ತೆರಬೇಕಾಯಿತು. ರಾತ್ರಿ ಹನ್ನೆರಡೂ ಇಪ್ಪತ್ತಕ್ಕೆ ಕೆಲಸ ಮುಗಿಸಿದವನು ಬೆಳಿಗ್ಗೆ 9:20ಕ್ಕೆ ಮುಂಚೆ ಸ್ಟೇರಿಂಗ್ ಮುಟ್ಟುವಂತಿಲ್ಲ. ಬ್ರಸೆಲ್ಸ್‌ಗೆ ಏಳೂವರೆಗೆ ಹೊರಡಬೇಕಾದ ಗುಂಪು ಒಂಬತ್ತೂವರೆಗೆ ಹೊರಟಿತು. 300 ಕಿ.ಮೀ. ದಾರಿ. ಅಲ್ಲಿನ ಹೆಸರಾಂತ ಕಟ್ಟಡ ಆಟೋಮಿಯಂ ಮುಂದಿನ ಫೋಟೋ ಸ್ಟಾಪ್ ಹದಿನೈದು ನಿಮಿಷಕ್ಕೆ ಇಳಿಯಿತು. ಗುಂಪಿನಲ್ಲಿ ಯಾರೂ ಗೊಣಗಲಿಲ್ಲ, ಯಾಕೆಂದರೆ ಕಾರಣ ಹಿಂದಿನ ರಾತ್ರಿಯೇ ಎಲ್ಲರಿಗೂ ಗೊತ್ತಿತ್ತು. ಗೊಣಗಿದ್ದು ಆಫೀಸು: ಚಾಲಕನ ಆ ರೂಮಿನ ಬಿಲ್ ಯಾರ ತಲೆಗೆ ಎಂದು ಎರಡು ತಿಂಗಳು ಮೇಲ್ ಓಡಾಡಿತು.

ಅಲ್ಲಿಂದೀಚೆಗೆ ಯುರೋಪಿನ ನನ್ನ ಪ್ರತಿ ಡೇ ಶೀಟಿನಲ್ಲೂ ಎರಡು ಕಾಲಂ ಹೆಚ್ಚಿಗೆ ಇವೆ: ಕಾರ್ಡ್ ಇನ್, ಕಾರ್ಡ್ ಔಟ್. ಮೊದಲ ದಿನವೇ ಚಾಲಕನನ್ನು ಕೇಳಿ ತುಂಬಿಸುತ್ತೇನೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಬುಕಿಂಗ್ ಹಂತದಲ್ಲೇ ಕೇಳುತ್ತೇನೆ. ಸೂರ್ಯ ಮುಳುಗುವ ಹೊತ್ತನ್ನು ಹಾಳೆಯ ತಲೆಯಲ್ಲಿ ಬರೆಯುತ್ತೇನೆ.

2024ರಲ್ಲಿ ಟೂರಿಸ್ಟ್ ಕೋಚ್‌ಗಳಿಗೆ ನಿಯಮ ಸ್ವಲ್ಪ ಸಡಿಲವಾಯಿತು. ಆರು ದಿನ ಅಥವಾ ಹೆಚ್ಚಿನ ಟೂರಿನಲ್ಲಿ, ಆ ದಿನ ಓಡಿಸಿದ್ದು ಏಳು ಗಂಟೆ ಮೀರದಿದ್ದರೆ, ಚಾಲಕ ತನ್ನ ವಿಶ್ರಾಂತಿಯನ್ನು ಒಂದು ಸಲ ಒಂದು ಗಂಟೆ ಮುಂದೂಡಬಹುದು. ಎಂಟು ದಿನ ಅಥವಾ ಹೆಚ್ಚಿನ ಟೂರಾದರೆ ಎರಡು ಸಲ. ಸೇಲ್ಸ್‌ನವರು ಇದನ್ನು ಕೇಳಿದ ಕೂಡಲೇ "ಹಾಗಾದರೆ ಇಲ್ಯುಮಿನೇಷನ್ ಸಲೀಸಾಯ್ತಲ್ಲ" ಎಂದರು. ಆಗಲಿಲ್ಲ. ಆ ಒಂದು ಗಂಟೆ ಟ್ರಾಫಿಕ್‌ಗೆ, ಪಾಸ್‌ಪೋರ್ಟ್ ಕಳೆದವರಿಗೆ, ಹುಷಾರು ತಪ್ಪಿದವರಿಗೆ ಕೈಯಲ್ಲಿ ಉಳಿದಿರಬೇಕು. ಅದನ್ನು ಮೊದಲೇ ಐಟಿನರಿಯಲ್ಲಿ ಖರ್ಚು ಮಾಡಿಬಿಟ್ಟರೆ ಕಷ್ಟಕ್ಕೆ ಏನೂ ಉಳಿಯುವುದಿಲ್ಲ.

ಮ್ಯಾನೇಜ್‌ಮೆಂಟ್ ಮುಂದೆ ನಾನು ಇಟ್ಟಿರುವುದು ಎರಡೇ ದಾರಿ. ಏಪ್ರಿಲ್, ಮೇ ಬ್ಯಾಚ್‌ಗಳಲ್ಲಿ ಇಲ್ಯುಮಿನೇಷನ್ ಟೂರನ್ನು ಡಿಸ್ನಿ ದಿನಕ್ಕೆ ಹಾಕಿ, ಕೋಚನ್ನು ಮಧ್ಯಾಹ್ನದಿಂದ ಬುಕ್ ಮಾಡಿ, ಮರುದಿನದ ಹೊರಡುವ ಹೊತ್ತನ್ನು ಒಂಬತ್ತೂವರೆ ಎಂದೇ ಪ್ರಿಂಟ್ ಮಾಡಿ. ಇಲ್ಲವೇ ಆ ಸಾಲನ್ನೂ ಚಿತ್ರವನ್ನೂ ಬ್ರೋಷರಿನಿಂದ ತೆಗೆಯಿರಿ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಹೊರಡುವ ಮುಂಚಿನ ಮೀಟಿಂಗ್‌ನಲ್ಲಿ, ಜನ ಬಾಕಿ ದುಡ್ಡು ಕಟ್ಟುವ ಮೊದಲೇ, ಪ್ಯಾರಿಸ್‌ನಲ್ಲಿ ಆ ವಾರ ಎಷ್ಟು ಗಂಟೆಗೆ ಕತ್ತಲಾಗುತ್ತದೆ ಎಂದು ನಾನೇ ಎದ್ದು ನಿಂತು ಹೇಳುತ್ತಿದ್ದೇನೆ.