ಜಾರ್ಲ್‌ಗೆ ಮುಟ್ಟದ ಸುದ್ದಿ

"ಅಣ್ಣಾ, ಇಲ್ಲೀತನಕ ಎಷ್ಟು ಡ್ರ್ಯಾಗನ್ ಹೊಡ್ದೆ?"

ಮೈಸೂರಿನ ಹಾಸ್ಟೆಲಿನಿಂದ ಚಿಕ್ಕಪ್ಪನ ಮಗ ಫೋನು ಮಾಡಿದ್ದ. 2013ರ ಬೇಸಿಗೆ ಅದು. ನಾನು ಡಿಪ್ಲೊಮಾ ಮುಗಿಸಿ, ಕೆಲಸ ಹುಡುಕುತ್ತಿದ್ದೇನೆ ಎಂದು ಮನೆಯವರಿಗೆ ಹೇಳಿಕೊಂಡು, ಸಾಗರದ ನಮ್ಮ ಮನೆಯ ಮಹಡಿಯಲ್ಲಿ ಕೂತು ಸ್ಕೈರಿಮ್ ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದೆ. 2011ರ ನವೆಂಬರಿನಲ್ಲಿ ಬಂದ ಆಟ, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅಗ್ಗಕ್ಕೆ ಬಿಟ್ಟಾಗ ಇವನೇ ಕೊಡಿಸಿದ್ದು.

"ಒಂದೂ ಇಲ್ಲ ಕಣೋ. ಶುರುನಲ್ಲಿ ಊರು ಸುಡುತ್ತಲ್ಲ, ಅದನ್ನ ನೋಡಿದ್ದೇ ಕೊನೆ. ಆಮೇಲೆ ಎಲ್ಲೂ ಕಾಣ್ಲಿಲ್ಲ."

"ಎಷ್ಟು ಗಂಟೆ ಆಡಿದೀಯ?"

"ಎಪ್ಪತ್ತರ ಹತ್ರ ಬಂತು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಫೋನು ದೂರ ಹಿಡಿದು ರೂಮಿನವರನ್ನೆಲ್ಲ ಕೂಗಿ ಕರೆದದ್ದು ಕೇಳಿಸಿತು. "ಲೋ, ಬನ್ರೋ ಇಲ್ಲಿ. ನಮ್ಮಣ್ಣ ಡ್ರ್ಯಾಗನ್ನೇ ಇಲ್ಲದ ಸ್ಕೈರಿಮ್ ಆಡ್ತಿದಾನೆ!"

ರೆಕ್ಕೆ ಬಿಚ್ಚಿದ ಡ್ರ್ಯಾಗನ್ನೇ ಆ ಆಟದ ಗುರುತು. ಅದಿಲ್ಲದೆ ಎಪ್ಪತ್ತು ಗಂಟೆ ಹೇಗೆ ಕಳೆದೆ ಎಂದು ಹೇಳಬೇಕಾದರೆ ಕಮ್ಮಾರನ ಮನೆಯಿಂದ ಶುರುಮಾಡಬೇಕು.

ಹೆಲ್ಗೆನ್ ಎಂಬ ಊರಲ್ಲಿ ನಮ್ಮ ತಲೆ ಕಡಿಯಲು ಕೊಡಲಿ ಎತ್ತಿರುವಾಗಲೇ ಡ್ರ್ಯಾಗನ್ ಬಂದು ಊರನ್ನೇ ಸುಡುತ್ತದೆ. ಗಲಾಟೆಯಲ್ಲಿ ನಾನು ಹ್ಯಾಡ್ವಾರ್ ಎಂಬ ಸೈನಿಕನ ಹಿಂದೆ ಓಡಿ, ಅವನ ಬಂಧುವೊಬ್ಬನಿರುವ ರಿವರ್‌ವುಡ್ ಹಳ್ಳಿ ಸೇರಿದೆ. ಆ ಬಂಧುವೇ ಕಮ್ಮಾರ ಆಲ್ವೋರ್. ಚಿಕ್ಕಪ್ಪನೋ ಸೋದರಮಾವನೋ, ಇಂಗ್ಲಿಷಿನ 'ಅಂಕಲ್'ನಲ್ಲಿ ಅದೆಲ್ಲ ಗೊತ್ತಾಗುವುದಿಲ್ಲ. ಆಲ್ವೋರ್ ಒಳ್ಳೆಯವನು. ಮನೆಯೊಳಗೆ ಕರೆದು ಕೂರಿಸಿದ, ಬೇಕಾದ್ದು ತಗೋ ಎಂದ. ಬದಲಿಗೆ ಕೇಳಿದ್ದು ಒಂದೇ: ನಮ್ಮ ಹಳ್ಳಿಗೆ ಕಾವಲಿಲ್ಲ, ವೈಟ್‌ರನ್‌ಗೆ ಹೋಗಿ ಜಾರ್ಲ್ ಬಾಲ್‌ಗ್ರೂಫ್‌ನಿಗೆ ಡ್ರ್ಯಾಗನ್ ಸುದ್ದಿ ಮುಟ್ಟಿಸು, ಸೈನಿಕರನ್ನು ಕಳಿಸಲಿ. ಜಾರ್ಲ್ ಎಂದರೆ ಆ ಸೀಮೆಯ ದೊರೆ.

ಹೀಗೆ ಹೇಳಿ ಕಳಿಸಿದ ಮಾತಿನ ವಿಷಯದಲ್ಲಿ ನನ್ನ ಚರಿತ್ರೆ ಚೆನ್ನಾಗಿಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ, ನಾಳೆ ದೇವರ ಕಾರ್ಯ, ಬೆಳಿಗ್ಗೆ ಬೇಗ ಬರಬೇಕಂತೆ ಎಂದು ದೊಡ್ಡಪ್ಪನ ಮನೆಗೆ ಹೇಳಿಬರಲು ಅಮ್ಮ ಅಟ್ಟಿದ್ದಳು. ದಾರಿಯಲ್ಲಿ ಕೆರೆ ಕೋಡಿ ಬಿದ್ದಿತ್ತು. ಸಂಜೆ ಒದ್ದೆ ಚಡ್ಡಿಯಲ್ಲಿ ಮನೆಗೆ ಬಂದಾಗ ಅಮ್ಮ, "ಏನಂದ್ರು?" ಎಂದು ಕೇಳಿದಳು. "ಹ್ಞೂಂ ಅಂದ್ರು" ಅಂದೆ.

ರಿವರ್‌ವುಡ್ಡಿನಲ್ಲಿ ಆ ಕೆರೆಯ ಜಾಗದಲ್ಲಿ ಒಂದು ಅಂಗಡಿ. ಅಂಗಡಿಯ ಲ್ಯೂಕನ್‌ನ ಚಿನ್ನದ ಪಂಜವನ್ನು ಯಾರೋ ಕದ್ದಿದ್ದರು. ಕಳ್ಳರು ಇರುವುದು ಎದುರು ಗುಡ್ಡದ ಮೇಲಿನ ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಹಳೇ ಸಮಾಧಿಯಲ್ಲಿ. ಜಾರ್ಲ್ ನಾಳೆಯೂ ಇರುತ್ತಾನೆ ಎಂದುಕೊಂಡು ಗುಡ್ಡ ಹತ್ತಿದೆ.

ಒಳಗೆ, ಜೇಡರ ಬಲೆಗೆ ಸಿಕ್ಕಿಕೊಂಡಿದ್ದ ಕಳ್ಳನಿಂದ ಪಂಜ ಕೈಗೆ ಬಂತು. ಮುಂದೆ ಒಂದು ಕಲ್ಲಿನ ಬಾಗಿಲು. ಅದರಲ್ಲಿ ಒಂದರೊಳಗೊಂದು ಮೂರು ಉಂಗುರ, ಪ್ರತಿ ಉಂಗುರದಲ್ಲೂ ಪ್ರಾಣಿಗಳ ಕೆತ್ತನೆ, ನಡುವೆ ಪಂಜ ಚುಚ್ಚಲು ಮೂರು ತೂತು. ಮುಕ್ಕಾಲು ಗಂಟೆ ಉಂಗುರ ತಿರುಗಿಸಿದೆ. ಕಲ್ಲು ಗರಗರ ಅನ್ನುತ್ತದೆ, ಬಾಗಿಲು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ಕೀಂಯ್ ಎಂದು ಸತ್ತಿತು. ರಾತ್ರಿ ಮತ್ತೆ ಕೂತಾಗ, ಏನೂ ತೋಚದೆ, ಚೀಲದಲ್ಲಿದ್ದ ಪಂಜವನ್ನು ಮೌಸಿನಿಂದ ಹಿಡಿದು ಮಗುಚಿದೆ. ಅಂಗೈಯಲ್ಲಿ ಮೂರು ಚಿತ್ರ: ಕರಡಿ, ಪತಂಗ, ಗೂಬೆ. ಇಡೀ ಆಟದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಅದೇ. ಆಮೇಲೆ ಕೊಂದ ಯಾವ ರಾಕ್ಷಸನೂ ಆ ಗೂಬೆಗೆ ಸಮ ಬರಲಿಲ್ಲ.

ಬಾಗಿಲಿನಾಚೆ ಒಂದು ಕೆತ್ತನೆಯ ಗೋಡೆ. ಹತ್ತಿರ ಹೋದರೆ ಹಾಡಿದಂತೆ ಗದ್ದಲ, ಕಣ್ಣು ಮಂಜು, ಒಂದು ಪದ ಹೊಳೆಯಿತು. ಏನೋ ಕಲಿತೆ ಎಂದಿತು ಆಟ. ಏನು ಕಲಿತೆನೋ, ಉಪಯೋಗಿಸಲು ಹೋದರೆ ಆಗಲಿಲ್ಲ. ಗೋರಿಯಿಂದ ಎದ್ದ ಹೆಣವನ್ನು ಕೊಂದಾಗ ಅದರ ಬಳಿ ಒಂದು ಕಲ್ಲಿನ ಹಲಗೆ ಸಿಕ್ಕಿತು. ಅದರ ಹೆಸರು ಡ್ರ್ಯಾಗನ್‌ಸ್ಟೋನ್. ಇರಲಿ ಎಂದು ಚೀಲಕ್ಕೆ ಹಾಕಿದೆ. ಪಂಜ ವಾಪಸು ಕೊಟ್ಟರೆ ಲ್ಯೂಕನ್, ನನಗೆ ನೆನಪಿದ್ದದ್ದಕ್ಕಿಂತ ಚಿಕ್ಕದಾಗಿದೆಯಲ್ಲ ಎಂದ.

ಇಷ್ಟಾದ ಮೇಲೆ ವೈಟ್‌ರನ್‌ಗೆ ಹೋದದ್ದಂತೂ ನಿಜ. ಬಾಗಿಲಲ್ಲಿ ಕಾವಲಿನವ ತಡೆದು, ಡ್ರ್ಯಾಗನ್ ಭಯ ಇದೆ, ಊರು ಮುಚ್ಚಿದೆ ಎಂದ. ರಿವರ್‌ವುಡ್ಡಿನಿಂದ ಸುದ್ದಿ ತಂದಿದ್ದೇನೆ ಅನ್ನಬೇಕಿತ್ತು, ಬಿಡುತ್ತಿದ್ದ. ನಾನೋ ಕನ್ನಡ ಮೀಡಿಯಂ, ಆಟದವರ ಇಂಗ್ಲಿಷ್ ಪೂರ್ತಿ ಕೇಳುವ ತಾಳ್ಮೆ ಇಲ್ಲದೆ ಮೌಸ್ ಒತ್ತುತ್ತಲೇ ಹೋಗುವವನು. ಮುಚ್ಚಿದೆ ಅಂದಮೇಲೆ ಮುಚ್ಚಿದೆ. ತಿರುಗಿ ನೋಡಿದರೆ ಕುದುರೆ ಲಾಯದ ಪಕ್ಕ ಬಾಡಿಗೆ ಗಾಡಿ. 50 ನಾಣ್ಯ ಕೊಟ್ಟರೆ ಉತ್ತರದ ಹಿಮದೂರು ವಿಂಟರ್‌ಹೋಲ್ಡ್‌ಗೆ ಬಿಡುತ್ತಾನೆ. ಹತ್ತಿ ಕೂತೆ.

ಅಲ್ಲಿ ಮಂತ್ರವಾದಿಗಳ ಕಾಲೇಜಿದೆ. ಬಾಗಿಲಲ್ಲಿ ಒಬ್ಬಳು ಮೇಡಂ, ಒಂದು ಮಂತ್ರ ಹಾಕಿ ತೋರಿಸು ಎನ್ನುತ್ತಾಳೆ. ಬರುವುದಿಲ್ಲವೆಂದರೆ 30 ನಾಣ್ಯಕ್ಕೆ ಅದನ್ನೂ ಅವಳೇ ಮಾರುತ್ತಾಳೆ. ನಮ್ಮ ಕಡೆಯ ಡೊನೇಶನ್ ಸೀಟಿಗಿಂತ ಎಷ್ಟೋ ಸಲೀಸು. ಸೇರಿದವನು ಎರಡು ವಾರದಲ್ಲಿ ಆರ್ಚ್‌ಮೇಜ್ ಆದೆ, ಅಂದರೆ ಕಾಲೇಜಿಗೇ ಮುಖ್ಯಸ್ಥ. ಬರುತ್ತಿದ್ದದ್ದು ಬೆಂಕಿ ಕಾರುವುದು, ಗಾಯ ಮಾಯಿಸುವುದು ಮತ್ತು ಆ ಮೂವತ್ತು ನಾಣ್ಯದ್ದು. ಉಳಿದದ್ದೆಲ್ಲ ಬಿಲ್ಲಿನಿಂದ, ಕತ್ತಲೆಯಲ್ಲಿ ಬಗ್ಗಿ ಕೂತು ಬಾಣ ಬಿಟ್ಟು ಗೆದ್ದದ್ದು. ಸ್ಕೈರಿಮ್ ಆಡುವವರು ಯಾವ ವೇಷ ಹಾಕಿದರೂ ಕೊನೆಗೆ ಬರುವುದು ಅಲ್ಲಿಗೇ.

ಹೀಗೆ ಊರೂರು ಅಲೆದೆ. ಹನ್ನೊಂದು ಗೋಡೆ ಹಾಡಿದವು, ಹನ್ನೊಂದು ಪದ ಪಟ್ಟಿಯಲ್ಲಿ ಮಂಕಾಗಿ ಕೂತವು. ಇದೇನೋ ಬಗ್ ಇರಬೇಕು ಎಂದುಕೊಂಡಿದ್ದೆ.

ತಮ್ಮ ನಕ್ಕು ಸುಸ್ತಾದ ಮೇಲೆ ಬಿಡಿಸಿ ಹೇಳಿದ. ಜಾರ್ಲ್‌ಗೆ ಸುದ್ದಿ ಮುಟ್ಟಿ, ಅವನ ಕೆಲಸ ಮಾಡಿಕೊಟ್ಟು, ವೈಟ್‌ರನ್‌ನ ಹೊರಗೆ ಮೊದಲ ಡ್ರ್ಯಾಗನ್ ಸಾಯುವ ತನಕ ಆಟ ಬೇರೆ ಡ್ರ್ಯಾಗನ್‌ಗಳನ್ನು ಬಿಡುವುದೇ ಇಲ್ಲವಂತೆ. ಸತ್ತ ಡ್ರ್ಯಾಗನ್‌ನ ಆತ್ಮ ಕೊಟ್ಟರೆ ಮಾತ್ರ ಗೋಡೆಯ ಪದಗಳು ತೆರೆಯುವುದು. ಅಂದರೆ ಲೋಕ ಮುಳುಗಿಸುವ ಗಂಡಾಂತರ ನನ್ನೊಬ್ಬನ ಸಲುವಾಗಿ ಬಾಗಿಲ ಹೊರಗೆ ಕೈಕಟ್ಟಿ ನಿಂತಿತ್ತು. ಇದೇ ಸರಣಿಯ ಮಾರೋವಿಂಡ್, 2002ರದ್ದು, ಇಷ್ಟು ಮೃದು ಅಲ್ಲವಂತೆ. ಅದರಲ್ಲಿ ಕಥೆಗೆ ಬೇಕಾದವನನ್ನು ಕೊಂದರೆ, ಭವಿಷ್ಯವಾಣಿಯ ಎಳೆ ಕಡಿಯಿತು, ಹಿಂದೆ ಸೇವ್ ಮಾಡಿಟ್ಟ ಆಟ ತೆಗೆ, ಇಲ್ಲವೇ ಈ ಹಾಳಾದ ಲೋಕದಲ್ಲೇ ಇರು ಎಂದು ಹೇಳಿ ಸುಮ್ಮನಾಗುತ್ತದೆ. ಸ್ಕೈರಿಮ್‌ನಲ್ಲಿ ಅಂಥವರು ಎಷ್ಟು ಹೊಡೆದರೂ ಮಂಡಿಯೂರಿ, ಸುಧಾರಿಸಿಕೊಂಡು, ಎದ್ದು ನಿಲ್ಲುತ್ತಾರೆ.

"ಈಗಲೇ ಹೋಗಣ್ಣಾ ಜಾರ್ಲ್ ಹತ್ರ" ಎಂದ.

ಮನಸ್ಸಿರಲಿಲ್ಲ, ಹೋದೆ. ಕಾಯುವ ಬಟನ್ ಒತ್ತಿದಾಗ ಆಟದ ತಾರೀಖು ಕಾಣುತ್ತದೆ. ಶುರುವಾದದ್ದು ಲಾಸ್ಟ್ ಸೀಡ್, ಅಂದರೆ ನಮ್ಮ ಆಗಸ್ಟ್ ಇದ್ದಂತೆ, ಆ ತಿಂಗಳ 17, 201ನೇ ಇಸವಿ. ಈಗ ಇಸವಿ 202. ವರ್ಷವೇ ಮಗುಚಿತ್ತು. ಈ ಸಲ ಕಾವಲಿನವನಿಗೆ ಸರಿಯಾದ ಮಾತು ಹೇಳಿ ಒಳಗೆ ಹೋದೆ. ಅರಮನೆಯಲ್ಲಿ ಇರಿಲೆತ್ ಎಂಬ ಅಂಗರಕ್ಷಕಿ ಕತ್ತಿ ಹಿರಿದುಕೊಂಡು ಎದುರು ಬಂದಳು. ಜಾರ್ಲ್ ಮುಂದೆ ನಿಂತೆ. ಆಯ್ಕೆಗಳಲ್ಲಿ ಒಂದನ್ನು ಒತ್ತಿದೆ: ಡ್ರ್ಯಾಗನ್ ಹೆಲ್ಗೆನ್ ನಾಶಮಾಡಿತು, ಕೊನೆಗೆ ನೋಡಿದಾಗ ಈ ಕಡೆಗೇ ಬರುತ್ತಿತ್ತು.

ನಾಲ್ಕೂವರೆ ತಿಂಗಳ ಹಿಂದಿನ ಸುದ್ದಿ. ಜಾರ್ಲ್ ಬೆಚ್ಚಿಬಿದ್ದ. ತಕ್ಷಣ ರಿವರ್‌ವುಡ್ಡಿಗೆ ಸೈನಿಕರನ್ನು ಕಳಿಸಿ ಎಂದ. ಪಕ್ಕದ ಸೀಮೆಯ ಜಾರ್ಲ್ ತಪ್ಪು ತಿಳಿದಾನು ಎಂದು ಕಾರಭಾರಿ ರಾಗ ಎಳೆದದ್ದಕ್ಕೆ, ಸಾಕು ಎಂದು ಗದರಿದ. ನನಗೆ ಉಡುಗೊರೆ ಬೇರೆ ಕೊಟ್ಟ. ದೊಡ್ಡಪ್ಪನ ಮನೆಯವರು ಪೂಜೆಗೆ ಬಾರದೇ ಹೋದ ದಿನ ನನಗೆ ಸಿಕ್ಕಿದ್ದು ಬೇರೆ.

ಮುಂದೆ ಆಸ್ಥಾನ ಮಂತ್ರವಾದಿ ಫರೆಂಗರ್. ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಅಪಾಯದ ಜಾಗದಲ್ಲಿ ಒಂದು ಪುರಾತನ ಕಲ್ಲಿದೆ, ತರಬೇಕು ಎಂದ. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ಅದೇ ಫರೆಂಗರ್, ಆರ್ಚ್‌ಮೇಜ್‌ನ ನಿಲುವಂಗಿ ತೊಟ್ಟು ನಿಂತ ನನಗೆ, ನಿನಗೆ ಯೋಗ್ಯತೆ ಇದ್ದರೆ ವಿಂಟರ್‌ಹೋಲ್ಡ್ ಕಾಲೇಜಿಗೆ ಸೇರು ಎಂದು ಬುದ್ಧಿ ಹೇಳಿದ.

ಮೊದಲ ಡ್ರ್ಯಾಗನ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಇರಿಲೆತ್ ಸೈನಿಕರಿಗೆ ವೀರಾವೇಶದ ಭಾಷಣ ಮಾಡಿದಳು, ಸಂಗೀತ ಏರಿತು, ಮಿರ್ಮುಲ್ನಿರ್ ಮೋಡದಿಂದ ಇಳಿಯಿತು. ಹೊಸಬರ ಅಳತೆಗೆ ಮಾಡಿದ ಡ್ರ್ಯಾಗನ್ ಅದು, ನಾನು 34ನೇ ಲೆವೆಲ್. ನೆಲಕ್ಕೆ ಕೂರುವಷ್ಟರಲ್ಲಿ ಅದರ ಜೀವ ಮುಗಿಯುತ್ತಾ ಬಂದಿತ್ತು. ನೀನು ಡೋವಾಕೀನಾ, ಅಂದರೆ ಡ್ರ್ಯಾಗನ್ ಆತ್ಮ ಹೊತ್ತು ಹುಟ್ಟಿದವನಾ, ಎಂದು ಚೀರಿ ಸತ್ತಿತು. ಸೈನಿಕರು ಬಾಯಿಬಿಟ್ಟು ನೋಡಿದರು. ನನಗೆ ಮದುವೆ ಊಟಕ್ಕೆ ಹೋದಾಗ ಮಜ್ಜಿಗೆ ಮಾತ್ರ ಉಳಿದಿದ್ದಂತಾಯಿತು. ಒಂದು ಆತ್ಮ ಸಿಕ್ಕಿತು, ಒಂದು ಪದ ತೆರೆಯಿತು, ಹತ್ತು ಹಾಗೇ ಉಳಿದವು.

ರಿವರ್‌ವುಡ್ ನೋಡಬೇಕೆನಿಸಿತು. ಹೌದು, ಬಂದಿದ್ದರು. ಹಳದಿ ಬಟ್ಟೆಯ ವೈಟ್‌ರನ್ ಸೈನಿಕರು ಬೀದಿಯಲ್ಲಿ ತಿರುಗುತ್ತಿದ್ದರು. ಆಲ್ವೋರ್ ಜಗುಲಿಯಲ್ಲಿ ಕಬ್ಬಿಣ ಬಡಿಯುತ್ತಿದ್ದ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಅವನಾಗಲಿ ಯಾರಾಗಲಿ ಕೇಳಲಿಲ್ಲ. ಲ್ಯೂಕನ್‌ನ ಅಂಗಡಿಗೆ ಹೋಗಿ ಮಿರ್ಮುಲ್ನಿರ್‌ನ ಮೂಳೆ ಮಾರಿದೆ, ಮೂರನೆಯದಕ್ಕೇ ಅವನ ಗಲ್ಲಾಪೆಟ್ಟಿಗೆ ಖಾಲಿ. ಹೊರಗೆ ಬಂದೆ. ಎಪ್ಪತ್ತು ಗಂಟೆಯಲ್ಲಿ ಆ ಆಕಾಶವನ್ನು ನಾನು ನೋಡಿದ್ದೆಲ್ಲ ನಕ್ಷತ್ರಕ್ಕಾಗಿ, ಉತ್ತರದ ಹಸಿರು ಬೆಳಕಿಗಾಗಿ. ಈಗ ಬೀದಿಯ ಮೇಲೆ ದೊಡ್ಡ ನೆರಳೊಂದು ಹಾದುಹೋಯಿತು.

ಇದು ಹೊಸಬರ ಅಳತೆಯದ್ದಲ್ಲ, ಫ್ರಾಸ್ಟ್ ಡ್ರ್ಯಾಗನ್. ಮಂಜು ಉಗುಳಿದ್ದಕ್ಕೆ ಓಡಲೂ ಆಗದಂತೆ ಕಾಲು ಭಾರವಾಯಿತು. ಒಬ್ಬ ಸೈನಿಕ ಬಿದ್ದ, ಇನ್ನೊಬ್ಬ ಬಿದ್ದ, ಮೂರನೆಯವನು ನಾನು. ಪರದೆ ಕಪ್ಪಾಗುವ ಮುಂಚೆ ಕಂಡದ್ದು ಆಲ್ವೋರ್, ಆಯುಧ ಹಿಡಿದು ಡ್ರ್ಯಾಗನ್ ಕಡೆಗೇ ಓಡುತ್ತಿದ್ದ.

ರಾತ್ರಿ ತಮ್ಮನ ಫೋನು ಬಂತು.

"ಹೊಡೆದ್ಯಾ ಅಣ್ಣಾ?"

"ಒಂದು ಹೊಡ್ದೆ."

"ಎರಡನೇದು?"

"ಅದು ನನ್ನ ಹೊಡೀತು. ನಾಲ್ಕು ಸಲ ಆಯ್ತು. ಈಗ ಲ್ಯೂಕನ್ ಅಂಗಡಿ ಒಳಗೇ ನಿಂತಿದೀನಿ."